ನಾಲ್ಕು ಬೆರಳಿನ ಲೆನ್ಸ್

ತುಂಗಭದ್ರೆಯ ದಡದ ಬಂಡೆಗಳ ನಡುವೆ ಎರಡು ಕೋಣೆಯ ಒಂದು ಮನೆ. ಅಲ್ಲಿದ್ದವರು ಹುಲಿಗೆಮ್ಮ ಟೀಚರ್. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಹುಳಹುಪ್ಪಟೆಗಳ ಫೋಟೋ ತೆಗೆಯುವುದರಲ್ಲಿ ಅವರನ್ನು ಮೀರಿಸಿದವರು ಆ ಸೀಮೆಯಲ್ಲಿ ಇರಲಿಲ್ಲ. ಸಿಟ್ಟಿನಲ್ಲೂ ಇರಲಿಲ್ಲ.

ಅವರ ಬಳಿಗೆ ಗಾದಿಲಿಂಗ ಬಂದ. ಹತ್ತು ವರ್ಷ ಮದುವೆ ಫೋಟೋ ತೆಗೆದು ಬೇಸತ್ತವನು. ಅವನಿಗೂ ಸಿಟ್ಟು ಮೂಗಿನ ತುದಿಯಲ್ಲೇ.

"ನನಗೂ ಕಲಿಸ್ರಿ," ಎಂದ.

"ಮೊದಲು ಹುಳಾನ ದೊಡ್ಡದಾಗಿ ತೋರಿಸೋ ಮ್ಯಾಕ್ರೋ ಲೆನ್ಸ್ ತಗೊಂಡು ಬಾ."

"ಕ್ಯಾಮೆರಾ ಕಂಪನಿಯದೇ ಬೇಕಾ?"

"ಬೇರೆ ಕಂಪನಿಯದು ಸಾಕು. ಲೆನ್ಸಿನ ಮೇಲಿನ ಹೆಸರು ಓದೋಕೆ ಹುಳಕ್ಕೆ ಬರಲ್ಲ. ನಿನ್ನ ಕ್ಯಾಮೆರಾಕ್ಕೆ ಸರಿಯಾಗಿ ಕೂರುತ್ತಾ ನೋಡು. ಆಮೇಲೆ ಅಂಗಡಿಯಲ್ಲೇ ಒಂದು ಅಕ್ಕಿಕಾಳು ಇಟ್ಟು, ಲೆನ್ಸು ಎಷ್ಟು ಹತ್ತಿರ ಬಿಡುತ್ತೋ ಅಷ್ಟು ಹತ್ತಿರ ಹೋಗು. ಗಾಜಿಗೂ ಕಾಳಿಗೂ ನಡುವೆ ಒಂದು ಗೇಣು ಜಾಗ ಇರಬೇಕು."

ಅಂಗಡಿಯಲ್ಲಿ ಅಕ್ಕಿಕಾಳು ಹೊರತೆಗೆಯಲು ಗಾದಿಲಿಂಗನಿಗೆ ನಾಚಿಕೆಯಾಯಿತು. ಫೋನಿನಲ್ಲಿ ಯಾರೋ ಹೊಗಳಿದ್ದ ಗಿಡ್ಡ ಲೆನ್ಸೊಂದನ್ನು ಕೊಂಡು ತಂದ.

ಟೀಚರ್ ಅದನ್ನು ಕ್ಯಾಮೆರಾಕ್ಕೆ ಹಾಕಿ, ಕಾಳೊಂದನ್ನು ನೋಡಿ, ನಡುವೆ ಕೈ ಇಟ್ಟು ಅಳೆದರು.

"ನಾಲ್ಕು ಬೆರಳು," ಎಂದರು. "ಇದರಲ್ಲೂ ಆಗುತ್ತೆ. ಕಷ್ಟ ನಿಂದು."

ನದಿಯ ಕಡೆಗೆ ಒಂದು ಹಾಳು ಮಂಟಪವಿತ್ತು. ಅದರ ಕಂಬಕ್ಕೆ ಒಂದು ಕುಂಬಾರ ಹುಳ ಮಣ್ಣಿನ ಗಡಿಗೆ ಕಟ್ಟುತ್ತಿತ್ತು. ನೆಲ್ಲಿಕಾಯಿಗಿಂತ ಚಿಕ್ಕ ಗಡಿಗೆ. ಅದರೊಳಗೆ ಒಂದು ಮೊಟ್ಟೆ. ಹುಟ್ಟುವ ಮರಿಯ ಊಟಕ್ಕೆಂದು ಹಸಿರು ಕಂಬಳಿಹುಳಗಳನ್ನು ಹಿಡಿದು ತಂದು ತುಂಬುತ್ತಿತ್ತು.

"ತುಂಬಿದ ಮೇಲೆ ಗಡಿಗೆ ಬಾಯಿ ಮುಚ್ಚುತ್ತೆ," ಎಂದರು ಟೀಚರ್. "ಅದು ಮುಚ್ಚೋದನ್ನ ತೆಗಿ. ಒಂದೇ ಒಂದು ಫೋಟೋ."

ಗಾದಿಲಿಂಗ ಮೂರು ದಿನ ಕೂತ. ಅವನು ನಾಲ್ಕು ಬೆರಳಿನಷ್ಟು ಹತ್ತಿರ ಹೋದರೆ ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತಿತ್ತು. ಹುಳ ಹಾರುತ್ತಿತ್ತು. ಒಮ್ಮೊಮ್ಮೆ ಕೂತರೂ ಲೆನ್ಸು ಗುರ್ ಗುರ್ ಎಂದು ಹಿಂದೆ ಮುಂದೆ ತಡಕಾಡಿ, ಕೊನೆಗೆ ಕಂಬದ ಕಲ್ಲನ್ನು ಹಿಡಿಯುತ್ತಿತ್ತು.

"ದರಿದ್ರ ಲೆನ್ಸು!" ಎಂದು ಬಂಡೆಗೆ ಒದ್ದ. ಕಾಲಿಗೇ ನೋವಾಯಿತು. ಸಿಟ್ಟು ಇನ್ನೂ ಏರಿತು.

ನಾಲ್ಕನೆಯ ದಿನ ಅವನು ಫೋಟೋ ತಂದು ತೋರಿಸಿದ.

ಹುಳದ ಕಣ್ಣು, ಸೊಂಟ, ಬಾಯಲ್ಲಿದ್ದ ಮಣ್ಣಿನ ಉಂಡೆ, ಎಲ್ಲವೂ ಕೊರೆದಿಟ್ಟಂತಿದ್ದವು.

ಟೀಚರ್ ಬಹಳ ಹೊತ್ತು ನೋಡಿದರು. ಗಾದಿಲಿಂಗ ಶಹಬ್ಬಾಸ್‌ಗಿರಿಗೆ ಕಾದು ನಿಂತ.

"ಮೀಸೆ ಯಾಕೆ ಜೋತುಬಿದ್ದೈತೆ?" ಎಂದರು ಟೀಚರ್.

ಅವನು ಕ್ಯಾಮೆರಾ ತೆಗೆದುಕೊಂಡು ಮೇಜಿನ ಮೇಲಿಟ್ಟ.

"ಹುಳ ಎಲ್ಲಿ?"

"ಹತ್ತೇ ನಿಮಿಷ ಅಂತ ಐಸ್ ಖಾನೇಲಿ ಇಟ್ಟಿದ್ದೆ ಟೀಚರ್. ತಣ್ಣಗಾದ್ರೆ ಅಲ್ಲಾಡಲ್ಲ. ಎಲ್ಲರೂ ಮಾಡ್ತಾರೆ. ಟ್ರೈಪಾಡ್ ಜೋಡಿಸೋದರಲ್ಲಿ ಅರ್ಧ ಗಂಟೆ..."

ಟೀಚರ್ ಅಡುಗೆಮನೆಗೆ ಹೋಗಿ ಫ್ರಿಜ್‌ ತೆರೆದರು. ಮೇಲಿನ ಐಸ್ ಖಾನೆಯಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬಿ ಇತ್ತು. ಮುಚ್ಚಳಕ್ಕೆ ಗಾಳಿಯಾಡಲೆಂದು ಸೂಜಿಯಿಂದ ತೂತು ಮಾಡಿದ್ದ. ಆ ತೂತುಗಳನ್ನು ಕಂಡು ಅವರು ಡಬ್ಬಿಯನ್ನು ಕೈಗೆತ್ತಿಕೊಂಡರು.

"ಸತ್ತೈತಾ?"

"ಬಿಸಿಲಿಗೆ ಇಟ್ಟಿದ್ದೆ. ಏಳಲಿಲ್ಲ."

ಡಬ್ಬಿ ಗೋಡೆಗೆ ಬಡಿದು ಸಿಡಿಯಿತು.

"ನನ್ನ ಮನೆಯೊಳಗೆ! ನನ್ನ ಮೊಸರಿನ ಮೇಲೆ!"

ಗಾದಿಲಿಂಗನಿಗೂ ರೇಗಿತು. "ಒಂದು ಹುಳಕ್ಕೆ ಇಷ್ಟಾ ಟೀಚರ್? ಬೇರೆ ಕಂಪನಿಯದು ಸಾಕು ಅಂದವರು ನೀವೇ! ಕಂಪನಿ ಲೆನ್ಸ್ ಇದ್ದಿದ್ರೆ ನಾನು ಯಾಕೆ ಹಿಂಗೆ ಮಾಡ್ತಿದ್ದೆ?"

ಟೀಚರ್ ಮೇಜಿನ ಮೇಲಿದ್ದ ಅವನ ಕ್ಯಾಮೆರಾ ಕೈಗೆತ್ತಿಕೊಂಡರು. ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿದರು. ಲೆನ್ಸನ್ನು ಅವನ ಬಲಗಣ್ಣಿನ ಮುಂದೆ ತಂದು ಹಿಡಿದರು.

"ರೆಪ್ಪೆ ಬಡೀಬೇಡ."

"ಟೀಚರ್..."

"ಕೆಲಸ ಮಾಡು. ಲಗ್ನದ ಮನೇಲಿ ಎಲ್ಲರಿಗೂ ಏನು ಹೇಳ್ತಿದ್ದೆ, ಅದನ್ನ ಮಾಡು. ನಗು!"

ಕರಿ ಗಾಜಿನಲ್ಲಿ ಅವನ ಕಣ್ಣೇ ಅವನಿಗೆ ಕಾಣುತ್ತಿತ್ತು. "ತೆಗೀರಿ ಅದನ್ನ!" ಎಂದು ಕೈ ತಳ್ಳಿದ.

"ನಾಲ್ಕು ಬೆರಳು ದೂರ ಬಿಟ್ಟಿದ್ದೆ," ಎಂದರು ಟೀಚರ್.

ಅವನು ಕ್ಯಾಮೆರಾ ಕಿತ್ತುಕೊಂಡು ಬಾಗಿಲಿಗೆ ನಡೆದ. ಹಿಂದಿನಿಂದ ಅವರ ದನಿ ಬಂತು.

"ಗಡಿಗೆ ಬಾಯಿ ತೆರೆದೇ ಐತೆ. ಸಂಜೆಯೊಳಗೆ ಇರುವೆ ಹತ್ತುತ್ತೆ. ಯಾರು ಮುಚ್ಚಬೇಕು?"

"ನಾನೇನು ಹುಳಾನಾ?"

"ಅಲ್ಲ. ಹುಳ ಆಗಿದ್ರೆ ಇಷ್ಟೊತ್ತಿಗೆ ಮುಚ್ಚಿರ್ತಿದ್ದೆ."

ಗಾದಿಲಿಂಗ ಮತ್ತೆ ಈ ಕಡೆ ಕಾಲಿಡುವುದಿಲ್ಲ ಎಂದುಕೊಂಡು, ಟ್ರೈಪಾಡ್ ತರಲು ಮಂಟಪಕ್ಕೆ ಹೋದ. ಕಂಬದ ಬುಡದಿಂದ ಕೆಂಪಿರುವೆಗಳ ಸಾಲು ಹೊರಟಿತ್ತು. ಗಡಿಗೆಗೆ ಇನ್ನೊಂದು ಮೊಳವಿತ್ತು.

"ನಿಮ್ಮ ವಂಶ ನಿರ್ವಂಶವಾಗ!" ಎಂದು ಬೈಯುತ್ತಾ ಅಂಗಿ ಬಿಚ್ಚಿ ಅವನ್ನು ಒರೆಸಿದ. ಒರೆಸಿದಷ್ಟೂ ಬಂದವು.

ಕೊನೆಗೆ ಲೆನ್ಸನ್ನು ಕ್ಯಾಮೆರಾದಿಂದ ಕಳಚಿ, ಭೂತಗನ್ನಡಿಯ ಹಾಗೆ ಕಣ್ಣಿಗೆ ಹಿಡಿದು ಗಡಿಗೆಯೊಳಗೆ ನೋಡಿದ. ಹಸಿರು ಹುಳಗಳು ಒತ್ತಾಗಿ ಮಲಗಿದ್ದವು. ಮೇಲೆ, ಎಳೆಯೊಂದರಲ್ಲಿ ಜೋತುಬಿದ್ದ ಬಿಳಿಯ ಮೊಟ್ಟೆ. ಅವನ ಬುಸುಗುಟ್ಟುವ ಉಸಿರಿಗೆ ಅದು ತೂಗಾಡಿತು.

ಅವನು ಉಸಿರು ಹಿಡಿದ.

ನದಿಯಂಚಿನ ಜಿಗುಟು ಮಣ್ಣು ತಂದು, ಗರಿಕೆಯ ತುದಿಯಲ್ಲಿ ಸಾಸಿವೆಯಷ್ಟು ತೆಗೆದುಕೊಂಡ. ಸಿಟ್ಟಿಗೆ ಕೈ ಅದುರುತ್ತಿತ್ತು. ಮೊದಲ ಉಂಡೆ ಕೆಳಗೆ ಬಿತ್ತು. ಎರಡನೆಯದು ಅಂಚನ್ನೇ ಮುರಿಯಿತು. ಟೀಚರನ್ನು ಬೈದ, ಅಂಗಡಿಯವನನ್ನು ಬೈದ, ತನ್ನನ್ನು ಬೈದುಕೊಂಡ. ಬೈಗುಳ ಮುಗಿದ ಮೇಲೆ ಮಣ್ಣು ಅಂಟಿತು.

ಹೊತ್ತು ಮುಳುಗುವ ಮುಂಚೆ ಬಾಯಿ ಮುಚ್ಚಿತು. ಸೊಟ್ಟ ಮುಚ್ಚಳ. ಕಿರಾಣಿ ಅಂಗಡಿಯಿಂದ ಅರಿಶಿನ ತಂದು ಕಂಬದ ಸುತ್ತ ಸುರಿದು ಇರುವೆಗಳ ದಾರಿ ಕಟ್ಟಿದ.

ಅವನು ಊರಿಗೆ ಹೋಗಲಿಲ್ಲ. ಮಂಟಪದಲ್ಲೇ ಚಾಪೆ ಹಾಕಿದ.

ಟೀಚರ್ ಅವನೊಡನೆ ಮಾತು ಬಿಟ್ಟರು. ಹೊತ್ತಿಗೆ ಸರಿಯಾಗಿ ರೊಟ್ಟಿ, ಪುಂಡಿಪಲ್ಯ ಹೊಸ್ತಿಲ ಮೇಲಿಟ್ಟು ಒಳಗೆ ಹೋಗುತ್ತಿದ್ದರು. ಅವನೂ ಮುಖ ಗಂಟಿಕ್ಕಿಕೊಂಡೇ ತಿನ್ನುತ್ತಿದ್ದ. ತಟ್ಟೆ ತೊಳೆದು ಮತ್ತೆ ಹೊಸ್ತಿಲ ಮೇಲಿಡುತ್ತಿದ್ದ. ಹೀಗೆ ಇಪ್ಪತ್ತಾರು ದಿನ.

ಇಪ್ಪತ್ತೇಳನೆಯ ಬೆಳಿಗ್ಗೆ ಗಡಿಗೆಯ ಪಕ್ಕದಲ್ಲಿ ಒಂದು ತೂತು ಕಂಡಿತು. ಒಳಗಿನಿಂದ ಯಾರೋ ಮಣ್ಣು ಕಡಿಯುತ್ತಿದ್ದರು.

ಗಾದಿಲಿಂಗ ಕ್ಯಾಮೆರಾ ಎತ್ತಿ ಹತ್ತಿರ ಓಡಿದ. ಎರಡು ಹೆಜ್ಜೆ ಇರುವಾಗ ತೂತಿನಿಂದ ಒಂದು ಮೀಸೆ ಹೊರಬಂದು ಗಾಳಿ ಮುಟ್ಟಿ ನೋಡಿತು. ಅವನು ಅಲ್ಲೇ ನಿಂತ.

ಹುಳ ಹೊರಬಂತು. ಮುಖ ಉಜ್ಜಿಕೊಂಡಿತು. ರೆಕ್ಕೆ ಒಣಗಿಸಿಕೊಂಡಿತು. ಅವನು ನಿಂತಲ್ಲಿಂದಲೇ, ಕೈಯಲ್ಲೇ ಲೆನ್ಸು ತಿರುಗಿಸಿ, ಒಂದು ಫೋಟೋ ತೆಗೆದ. ಹುಳ ನದಿಯ ಮೇಲೆ ಹಾರಿಹೋಯಿತು.

ಅವನು ಮನೆಗೆ ಬಂದು, ಹೊಸ್ತಿಲ ಹೊರಗೆ ನಿಂತು ಕ್ಯಾಮೆರಾ ಚಾಚಿದ.

ಟೀಚರ್ ಮುಖದ ಸಿಟ್ಟು ಇಳಿದಿರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರು. ಪರದೆ ತುಂಬ ಕಂಬ, ಬೆಳಕು, ಅದರಾಚೆ ನೀರು.

"ಎಲ್ಲಿ?" ಇಷ್ಟು ದಿನದ ಮೇಲೆ ಅದು ಅವರ ಮೊದಲ ಮಾತು.

ಗಾದಿಲಿಂಗ ಕಂಬದ ಮೇಲಿನ ಒಂದು ಚುಕ್ಕೆಗೆ ಬೆರಳಿಟ್ಟ.

"ತಪ್ಪಾಯ್ತು ಟೀಚರ್," ಎಂದ. "ತೀರಾ ಚಿಕ್ಕದಾಗಿ ಬಂದೈತೆ."

ಟೀಚರ್ ಕ್ಯಾಮೆರಾವನ್ನು ಅವನ ಕೈಗಿತ್ತರು.

"ಅದು ಇರೋದೇ ಅಷ್ಟು."