ದಾಸೋಹದ ಮನೆಯ ಹಿಂಗೋಡೆ

ಪರಮಪೂಜ್ಯ ಚರಲಿಂಗ ಶಿವಯೋಗಿಗಳು ಕರೆಗುಡ್ಡದ ಬುಡದಲ್ಲಿ ಒಂದು ಚಪ್ಪರ ಹಾಕಿಕೊಂಡು ವಾಸವಾಗಿದ್ದರು. ಹಾಸಲು ಕಂಬಳಿ, ನೀರಿಗೊಂದು ಮಣ್ಣಿನ ಗಡಿಗೆ. ಅವರ ಸಂಸಾರ ಅಷ್ಟೇ. ಆದರೆ ಬಂದವರು ಉಂಡೇ ಹೋಗಬೇಕೆಂಬ ಹಟ ಮಾತ್ರ ಬಿಟ್ಟಿರಲಿಲ್ಲ. ಬಿಸಿಲಲ್ಲಿ ಕುಳಿತು ಉಣ್ಣುವವರಿಗಾಗಿ ಒಂದು ದಾಸೋಹದ ಮನೆ ಕಟ್ಟಿಸಲು ಭಕ್ತರು ನಿಶ್ಚಯಿಸಿದರು.

ಕೆಲಸಕ್ಕೆ ಬಂದವನು ಗೌಂಡಿ ಭೀಮಸಿ. ಪಳಗಿದ ಕೈ. ಆದರೆ ಹೋದ ವರ್ಷ ನಾಗರಹಳ್ಳದಲ್ಲಿ ಅವನು ಕಟ್ಟಿದ ಚಾವಡಿ ಮೊದಲ ಮಳೆಗೇ ಕುಸಿದಿತ್ತು. ಸುಣ್ಣ ಕೆಟ್ಟಿತ್ತೆಂದು ಊರೂರು ಹೇಳಿಕೊಂಡು ತಿರುಗಿದ. ಯಾರೂ ಎದುರಾಡಲಿಲ್ಲ, ಯಾರೂ ಕೆಲಸವನ್ನೂ ಕೊಡಲಿಲ್ಲ. ಈ ಕಟ್ಟಡ ನಿಂತರೆ ಹೆಸರು ಉಳಿಯುತ್ತಿತ್ತು. ಇಲ್ಲವಾದರೆ ಗಾರೆ ಮೆತ್ತುವ ಕರಣೆಯನ್ನೇ ಕೆಳಗಿಡಬೇಕಿತ್ತು.

ದಾರ ಹಿಡಿದು ಅಡಿಪಾಯದ ಗೆರೆ ಎಳೆದ. ಆನೆಯಷ್ಟು ದೊಡ್ಡ ಬಂಡೆಯೊಂದು ಅಡ್ಡ ಬಂತು. ಅದಕ್ಕೆ ಕುಳಿ ಹೊಡೆದು ಸಿಡಿಮದ್ದು ತುಂಬಲು ಹೊರಟಾಗ ಶ್ರೀಗಳು ದಯಮಾಡಿಸಿದರು.

"ಒಂದು ಮಳಿ ನೋಡೋಣು, ಭೀಮಸಿ."

"ಮಳಿಗೂ ಈ ಕಲ್ಲಿಗೂ ಏನ್ರಿ ಸಂಬಂಧ, ಅಜ್ಜಾರ? ಗೋಡಿ ನೆಟ್ಟಗ ಬರಬೇಕಲ್ರಿ."

ಶ್ರೀಗಳು ಗುಡ್ಡದ ನೆತ್ತಿಯತ್ತ ಒಮ್ಮೆ ನೋಡಿ ಚಪ್ಪರಕ್ಕೆ ಮರಳಿದರು. ಭೀಮಸಿಗೆ ಮೈಯೆಲ್ಲ ಉರಿಯಿತು. ಕರಣೆ ಮುಟ್ಟದ ಸನ್ಯಾಸಿ ತನಗೆ ಕಸುಬು ಕಲಿಸುವುದೇ ಎಂದುಕೊಂಡ. ಆದರೂ ಹದಿನೇಳು ದಿನ ಕೈಕಟ್ಟಿ ಕುಳಿತ, ಬೇರೆ ದಾರಿಯಿರಲಿಲ್ಲ.

ಮಳೆ ಬಂದದ್ದು ಒಂದು ಮಧ್ಯಾಹ್ನ. ಶ್ರೀಗಳು ಗೋಣಿಯ ಕೊಪ್ಪೆ ಹಾಕಿಕೊಂಡು, ಕಂಕುಳಲ್ಲಿ ಒಂದಷ್ಟು ಗೂಟ ಇಟ್ಟುಕೊಂಡು ಹೊರಬಂದರು. ಮೇಲಿನಿಂದ ನುಗ್ಗಿ ಬಂದ ಕೆಂಪು ನೀರು ಬಂಡೆಗೆ ಬಡಿದು, ಇಬ್ಭಾಗವಾಗಿ, ಎರಡೂ ಬದಿಗೆ ಸರಿದು ಹೋಗುತ್ತಿತ್ತು. ಆ ನೀರಿನ ಅಂಚಿಗೆ ಒಂದೊಂದೇ ಗೂಟ ನೆಡುತ್ತ ಪೂಜ್ಯರು ಕೆಳಗಿಳಿದರು. ಬಂಡೆಯ ಮರೆಯಲ್ಲಿ, ಎರಡು ಸಾಲು ಗೂಟಗಳ ನಡುವೆ, ನೂರು ಜನ ಕೂರುವಷ್ಟು ನೆಲವನ್ನು ಹರಿನೀರು ಮುಟ್ಟಿರಲಿಲ್ಲ.

"ಗುಡ್ಡ ಮೊದಲ ಕಟ್ಟೇತಿ," ಎಂದರು ಶ್ರೀಗಳು. "ಉಳಿದದ್ದು ನೀ ಕಟ್ಟು."

ಹಿಂದೆಯೇ ಬಂದಿದ್ದ ಭೀಮಸಿ ಬಂಡೆಯತ್ತ ತಿರುಗಿ ನೋಡಿದ. ನಾಗರಹಳ್ಳದಲ್ಲೂ ಇಂಥದೇ ಬಂಡೆಯಿತ್ತು. ಗೋಡೆ ನೇರ ಬರಲೆಂದು ಅದನ್ನು ಸಿಡಿಸಿದವನು ಅವನೇ. ಚಾವಡಿಗೆ ನೀರು ಹೇಗೆ ನುಗ್ಗಿತೆಂದು ಅವನಿಗೆ ಆಗ ಹೊಳೆಯಿತು, ನಾಚಿಕೆಯಿಂದ ಕುಗ್ಗಿಹೋದ.

ಬಂಡೆಯನ್ನೇ ಹಿಂಗೋಡೆ ಮಾಡಿಕೊಂಡು, ಪಕ್ಕದ ಗೋಡೆಗಳನ್ನು ಗೂಟಗಳ ಒಳಗೇ ಬಾಗಿಸಿ ಅವನು ದಾಸೋಹದ ಮನೆ ಕಟ್ಟಿದ. ಇಡೀ ಮಳೆಗಾಲ ಕಳೆದರೂ ಒಳಗೆ ನೀರು ಬರಲಿಲ್ಲ. ಭಕ್ತರು ಹಿಗ್ಗಿ, ಶ್ರೀಗಳ ಸನ್ನಿಧಿಯಲ್ಲಿ ಅವನಿಗೆ ಶಾಲು ಹೊದಿಸಲು ಸೇರಿದರು. ನಾಗರಹಳ್ಳದ ಗೌಡರೂ ಬಂದಿದ್ದರು.

ಭೀಮಸಿ ಕೈ ಅಡ್ಡ ಹಿಡಿದ. "ಗೌಡ್ರ, ನಿಮ್ಮ ಚಾವಡಿ ಸುಣ್ಣದಿಂದ ಬೀಳಲಿಲ್ರಿ. ನೀರು ತಡಿಯೋ ಕಲ್ಲು ನಾನ ಒಡದಿದ್ದೆ."

ಇನ್ನು ತನ್ನ ಕಸುಬು ಮುಗಿಯಿತೆಂದು ಭೀಮಸಿ ತಲೆ ತಗ್ಗಿಸಿದ. ಶ್ರೀಗಳು ಕಣ್ಣು ಮುಚ್ಚಿ ಕುಳಿತಿದ್ದರು. ಗೌಡರು ಎದ್ದು ನಿಂತರು.

"ಅದು ಯಾಕ ಬಿತ್ತು ಅಂತ ಗೊತ್ತಿದ್ದಾಂವ ನೀ ಒಬ್ಬನ. ಇನ್ನ ಬ್ಯಾರೆ ಗೌಂಡಿನ್ನ ಎಲ್ಲಿ ಹುಡುಕಲಿ? ತಿರುಗಿ ನೀನ ಕಟ್ಟು."

ಭೀಮಸಿ ಅಷ್ಟು ಜನರ ನಡುವೆ ಅತ್ತುಬಿಟ್ಟ.