ರಾಜಮಾತೆ ಕಣ್ಣು ಮಿಟುಕಿಸಿದ್ದು

ಬನ್ನಿ ಮಕ್ಕಳೇ, ಹತ್ತಿರ ಬಂದು ಕೂತ್ಕೊಳ್ಳಿ. ಆ ಫೋನು ಅತ್ತ ಇಡಿ. ವಿಸಿಆರ್ ಬಾಡಿಗೆಗೆ ತಂದು, ಓಣಿಗೆ ಓಣಿಯೇ ಒಂದು ಚಾಪೆ ಮೇಲೆ ಕೂತು ಸಿನಿಮಾ ನೋಡುತ್ತಿದ್ದ ಕಾಲ ಒಂದಿತ್ತು. ನೆನೆಸಿಕೊಂಡರೆ ಈಗಲೂ ನನ್ನ ಮನಸ್ಸು ಒಂಥರಾ ಆಗುತ್ತದೆ. ಆ ಕಾಲ ಮುಗಿದ ಮೇಲೆ ಒಂದು ರಾಜ್ಯದಲ್ಲಿ ನಡೆದ ಕಥೆ ಇದು.

ಆ ರಾಜ್ಯದಲ್ಲಿ ಮಲ್ಲರಸ ಅಂತ ಒಬ್ಬ ರಾಜನಿದ್ದ. ಅವನ ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವಳ ನಗು, ಅವಳ ಹಾಡು ಉಳಿದಿದ್ದು ಅರಮನೆಯ ಹಳೇ ವಿಡಿಯೋ ಕ್ಯಾಸೆಟ್ಟುಗಳಲ್ಲಿ ಮಾತ್ರ. ಅವಕ್ಕೋ ಬೂಸ್ಟು ಹಿಡಿದಿತ್ತು. ಇನ್ನೊಂದು ಸಲ ಓಡಿದರೆ ಹೆಚ್ಚು. ಮಳೆಗಾಲ ಬರುವುದರೊಳಗೆ ಚಿತ್ರವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಹಿಡಿಸುವಷ್ಟಕ್ಕೆ ಕುಗ್ಗಿಸಿ, ಸೀಡಿಗೆ ತುಂಬಬೇಕು. ಯಾರ ಕಂಪ್ಯೂಟರಿನ ಪ್ರೊಸೆಸರ್ ಬೇಗ ಮುಗಿಸುತ್ತದೋ ಅವರಿಗೇ ಕೆಲಸ ಅಂತ ರಾಜ ಡಂಗುರ ಹೊಡೆಸಿದ.

ಇಬ್ಬರು ಬಂದರು. ಒಬ್ಬ ಓಬಳೇಶ, ಮಾತಿನ ಮಲ್ಲ. ಇನ್ನೊಬ್ಬ ಮರುಳಪ್ಪ, ಕೇಳಿದ್ದಕ್ಕಷ್ಟೇ ಉತ್ತರ.

ಮೊದಲ ಪಂದ್ಯ. "ಕ್ಯಾಸೆಟ್ ನಾನೇ ಆರಿಸ್ತೀನಿ ಮಹಾಸ್ವಾಮಿ, ನಿಮಗ್ಯಾಕೆ ತೊಂದರೆ" ಅಂದ ಓಬಳೇಶ. ತನಗೆ ಅಲುಗಾಡದ ತಾವರೆಕೊಳದ ಕ್ಯಾಸೆಟ್ ಇಟ್ಟುಕೊಂಡ, ಮರುಳಪ್ಪನಿಗೆ ಕೋಲಾಟದ್ದು ಕೊಟ್ಟ. ಅಲುಗಾಡದ ಚಿತ್ರ ಕುಗ್ಗಿಸುವುದು ಸುಲಭ, ಕುಣಿಯುವ ಚಿತ್ರ ಕಷ್ಟ. ಓಬಳೇಶ ಗೆದ್ದ.

ರಾಜನ ಸೋದರತ್ತೆ ಹೊನ್ನಾಜಮ್ಮ ಪಕ್ಕದಲ್ಲೇ ಎಲೆಅಡಿಕೆ ಮೆಲ್ಲುತ್ತ ಕೂತಿದ್ದಳು. "ಒಬ್ಬನಿಗೆ ಹತ್ತಿಮೂಟೆ, ಒಬ್ಬನಿಗೆ ಉಪ್ಪಿನಮೂಟೆ ಹೊರಿಸಿ ಓಡಿಸ್ತೀಯೇನೋ ಮಲ್ಲಾ? ಇಬ್ಬರಿಗೂ ಒಂದೇ ಕ್ಯಾಸೆಟ್ ಕೊಡೋ" ಅಂದಳು.

ಎರಡನೇ ಪಂದ್ಯ. ಇಬ್ಬರಿಗೂ ಒಂದೇ ಕ್ಯಾಸೆಟ್, ಅವ್ವ ಉಯ್ಯಾಲೆ ಆಡುವುದು; ಒಂದೇ ಸಲ ಓಡಿಸಿ ಇಬ್ಬರ ಕಂಪ್ಯೂಟರಿಗೂ ಹಾಕಿದರು. ಮತ್ತೆ ಓಬಳೇಶನೇ ಮೊದಲು. ರಾಜನಿಗೆ ಹಿಗ್ಗೋ ಹಿಗ್ಗು. ಅತ್ತೆ ಎರಡೂ ಸೀಡಿ ಹಾಕಿಸಿ ನೋಡಿದಳು. ಮರುಳಪ್ಪನ ಸೀಡಿಯಲ್ಲಿ ಅವ್ವ ಉಯ್ಯಾಲೆಯಿಂದ ಬಾಗಿ, ಒಮ್ಮೆ ಕಣ್ಣು ಮಿಟುಕಿಸಿದಳು. ಓಬಳೇಶನ ಸೀಡಿಯಲ್ಲಿ ಮುಖವೆಲ್ಲ ಮಸುಕು, ಕಣ್ಣು ಮಿಟುಕಿಸಲೇ ಇಲ್ಲ. ಬೇಗ ಮುಗಿಯಲಿ ಅಂತ ಅವನು ನಡುನಡುವೆ ಚಿತ್ರಗಳನ್ನೇ ಹಾರಿಸಿಬಿಟ್ಟಿದ್ದ.

"ಅತ್ತಿಗೆ ಕಣ್ಣು ಮಿಟುಕಿಸಿದ್ದು ನನಗೆ ಕಣೋ" ಅಂದಳು ಅತ್ತೆ. "ನಿಮ್ಮಪ್ಪನ ಕಣ್ತಪ್ಪಿಸಿ ಮಾವಿನಕಾಯಿ ಕೀಳೋಕೆ ಹೋಗೋಣ ಬಾ ಅಂತ."

"ಅದೊಂದು ಕ್ಷಣದ್ದು ಅಮ್ಮಣ್ಣಿ, ಯಾರು ನೋಡ್ತಾರೆ?" ಅಂದ ಓಬಳೇಶ. ರಾಜನೂ ಹೂಂಗುಟ್ಟಿದ. ಮೋಡ ಕಟ್ಟುತ್ತಿತ್ತು, ಅವನಿಗೆ ಅವಸರ.

"ಆಯ್ತಪ್ಪಾ, ಇನ್ನೊಂದೇ ಪಂದ್ಯ" ಅಂದಳು ಅತ್ತೆ. "ಓಬಳೇಶಾ, ನಿನ್ನ ತಾಯಿಯ ಕ್ಯಾಸೆಟ್ ತಾ. ಇಬ್ಬರಿಗೂ ಅದನ್ನೇ ಕೊಡೋಣ. ಪಂದ್ಯ ಮುಗಿದ ಮೇಲೆ ನೀನು ಮಾಡಿದ ಸೀಡಿ ಮಾತ್ರ ನಿನಗೆ. ಕ್ಯಾಸೆಟ್ಟೂ ಮರುಳಪ್ಪನ ಸೀಡಿಯೂ ಒಲೆಗೆ."

ಓಬಳೇಶ ತಂದ. ಅವನ ತಾಯಿ ಬಿಸಿಲಲ್ಲಿ ಸಂಡಿಗೆ ಹಾಕುತ್ತ ಕಾಗೆ ಓಡಿಸುತ್ತಿರುವ ಚಿತ್ರ. ಯಂತ್ರದ ಮುಂದೆ ಕೂತವನ ಕೈ ತಡೆಯಿತು. ಅತ್ತ ನೋಡಿದ, ಇತ್ತ ನೋಡಿದ. ಮೆಲ್ಲಗೆ 'ಬೇಗ' ಅನ್ನುವ ಗುಂಡಿ ಬಿಟ್ಟು 'ಚೆನ್ನಾಗಿ' ಅನ್ನುವುದನ್ನು ಒತ್ತಿದ. ಆ ಸಲ ಮರುಳಪ್ಪನದು ಮೊದಲು ಮುಗಿಯಿತು.

"ಯಾಕೋ ಓಬಳೇಶಾ, ನಿನ್ನ ಯಂತ್ರಕ್ಕೆ ಈಗ ಕಾಲುನೋವು ಬಂತೇನೋ?" ಅಂದಳು ಅತ್ತೆ. ಪರದೆಯ ಮೇಲೆ ಅವನ ತಾಯಿಯ ಮುಖದ ಒಂದೊಂದು ಸುಕ್ಕೂ ಕಾಣುತ್ತಿತ್ತು. ಎಲ್ಲರಿಗೂ ಅರ್ಥವಾಯಿತು.

ರಾಜ ಎದ್ದು ಬಂದ. "ನಿನ್ನವ್ವ ಅವ್ವ. ನನ್ನವ್ವ ಅವ್ವ ಅಲ್ಲವೇನಯ್ಯಾ?"

ಓಬಳೇಶ ತನ್ನ ಯಂತ್ರ ಗಂಟುಕಟ್ಟತೊಡಗಿದ. ಅವನ ಯಂತ್ರವೇನೂ ಕೆಟ್ಟದ್ದಲ್ಲ ಮಕ್ಕಳೇ, ಸ್ವಲ್ಪ ನಿಧಾನ ಅಷ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಅದಕ್ಕೂ ಒಂದು ಕೆಲಸ ಸಿಗುತ್ತಿತ್ತು. ಸುಳ್ಳಿನ ಗೆಲುವಿಗೆ ಆಸೆಪಟ್ಟು ಕೆಲಸ ಕಳೆದುಕೊಂಡ. ಅತ್ತೆ ಒಲೆಗೆ ಏನನ್ನೂ ಹಾಕಲಿಲ್ಲ, ಎಲ್ಲ ಅವನ ಕೈಗೇ ಕೊಟ್ಟು ಕಳಿಸಿದಳು. ಮಳೆ ಹಿಡಿಯುವ ಮೊದಲೇ ಮರುಳಪ್ಪ ಕೆಲಸ ಮುಗಿಸಿದ.

ತಿಳೀತಾ? ಯಾರು ಮುಂದು ಅಂತ ನೋಡುವಾಗ ಇಬ್ಬರಿಗೂ ಒಂದೇ ಹೊರೆ ಕೊಡಬೇಕು. ಹೊರೆ ಪೂರ್ತಿ ತಲುಪಿತೇ ನೋಡಬೇಕು. ಗಡಿಯಾರ ನೋಡುವುದು ಆಮೇಲೆ. ನಮ್ಮದನ್ನು ಅಳೆಯುವ ಅಳತೆಯಲ್ಲೇ ಪರರದ್ದನ್ನೂ ಅಳೆಯಬೇಕು.

ಹೊನ್ನಾಜಮ್ಮ ಮಾತ್ರ ಇರುವಷ್ಟು ದಿನವೂ ಸಂಜೆ ಹೊತ್ತು ಆ ಸೀಡಿ ಹಾಕಿಸುತ್ತಿದ್ದಳಂತೆ. ಅತ್ತಿಗೆ ಕಣ್ಣು ಮಿಟುಕಿಸಿದಾಗ ತಾನೂ ಮಿಟುಕಿಸುತ್ತಿದ್ದಳಂತೆ.