ಅಪ್ಪನ ಸಹಿ, ಚೌಡೇಶನ ದನಿ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಬನಶಂಕರಮ್ಮ ಅಂತ ಒಬ್ಬಳಿದ್ದಳು, ಕೇಳಿ. ಅವಳಿಗೊಬ್ಬ ಮಗ, ಚೌಡೇಶ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಊರಿನ ತಾಯಂದಿರೆಲ್ಲ ಮಕ್ಕಳು ಮಾತು ಕೇಳೋದಿಲ್ಲ ಅಂತ ಅಳುತ್ತಾರೆ. ಇವಳು ಅಳುತ್ತಿದ್ದದ್ದು ಮಗ ಮಾತು ಕೇಳುತ್ತಾನಲ್ಲ ಅಂತ! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಮರೆಯುವವನೂ ಅಲ್ಲ, ಅದೇ ಗ್ರಹಚಾರ.

ಅವಳ ಗಂಡ ರಾಮಲಿಂಗಪ್ಪ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಗ್ಗದ ಮನುಷ್ಯ, ಆದರೆ ಕಂಪ್ಯೂಟರಿನ ಹುಚ್ಚು. ಹೆಂಡತಿಯ ಕಣ್ಣಿಗೆ ಪೊರೆ ಬಂದಾಗ, ತಾನೇ ಕಲಿತು ‘ಅಂಚು’ ಅಂತ ಒಂದು ಆಪ್ ಮಾಡಿದ. ಸೀರೆಯ ಅಂಚಿನ ಚಿತ್ತಾರ ಅದಕ್ಕೆ ಕೊಟ್ಟರೆ ಸಾಕು, ಎಳೆ ಎಳೆಯಾಗಿ ಕೂಗಿ ಹೇಳುತ್ತಿತ್ತು. “ಕೆಂಪು ಎರಡು, ಹಳದಿ ಒಂದು, ಲಾಳಿ ಬಿಡು!” ಕೂಗುವುದು ರಾಮಲಿಂಗಪ್ಪನ ಸ್ವಂತ ದನಿ. ಆ ದನಿ ಹಿಡಿಯುವಾಗ ನಡುವೆ ಕೆಮ್ಮು ಬಂದು, “ಬನಶಂಕರೀ, ಒಂದ್ ಲೋಟ ನೀರ್ ಕೊಡೇ” ಅಂದಿದ್ದ. ಅದೂ ಹಾಗೇ ಉಳಿದುಬಿಟ್ಟಿತ್ತು. ಗಂಡ ಹೋದ ಮೇಲೂ, ಆ ಜಾಗ ಬಂದಾಗ ಬನಶಂಕರಮ್ಮ ಮಗ್ಗದ ಕುಣಿಯಿಂದ ಎದ್ದುಬಿಡುತ್ತಿದ್ದಳು. ಎದ್ದು, ಸುಮ್ಮನೆ ನಿಂತು, ಮತ್ತೆ ಕೂರುತ್ತಿದ್ದಳು.

ಆ ದನಿ ಉಳಿದಿದ್ದದ್ದು ಮನೆಯ ಹಳೇ ಕಂಪ್ಯೂಟರಿನಲ್ಲಿ ಮಾತ್ರ. ಅದೋ, ಮುಟ್ಟಿದರೆ ಕೈ ಸುಡುತ್ತಿತ್ತು. ಪೆಟ್ಟಿಗೆಯ ಮುಚ್ಚಳ ಬಿಚ್ಚಿಟ್ಟು, ಪಕ್ಕದಲ್ಲಿ ಟೇಬಲ್ ಫ್ಯಾನ್ ಹಾಕಿದರೆ ಮಾತ್ರ ನಡೆಯುತ್ತಿತ್ತು. ಬೇರೆಯವರ ಹೊಸ ಕಂಪ್ಯೂಟರಿಗೆ ಹಾಕಿದರೆ, ‘ಇದು ಯಾರು ಮಾಡಿದ್ದೋ ಗೊತ್ತಿಲ್ಲ, ತೆರೆಯೋದಿಲ್ಲ’ ಅನ್ನುತ್ತಿತ್ತು. ಆಪನ್ನು ಪ್ಯಾಕ್ ಮಾಡಿ, ಡಿಜಿಟಲ್ ಸಹಿ ಹಾಕಿ, ಆಪ್ ಸ್ಟೋರಿಗೆ ಸೇರಿಸಿದರೆ ಆ ದನಿ ಉಳಿದೀತು. ಹಳೇ ಪೆಟ್ಟಿಗೆ ಅಷ್ಟರೊಳಗೆ ಕೆಟ್ಟರೆ ದನಿಯೂ ಹೋಯಿತು. ರಾಮಲಿಂಗಪ್ಪ ತನ್ನ ಹೆಸರಿನ ಸಹಿಯ ಡಾಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚಿ ಸಹಿ ಒತ್ತುವ ಬೆರಳುದ್ದದ ಕಡ್ಡಿ, ತರಿಸಿದ್ದ. ಯಾವ ಗುಂಡಿ ಒತ್ತಬೇಕು ಅಂತ ಮಗನಿಗೆ ಕಲಿಸಿಯೂ ಇದ್ದ. ಅಷ್ಟರಲ್ಲಿ ಕಣ್ಣು ಮುಚ್ಚಿದ.

“ಮಗಾ, ನಂಗೆ ಕಣ್ಣು ಕಾಣದು. ಅಪ್ಪನ ಆಪ್ ನೀನೇ ಸಹಿ ಹಾಕಿ ಕಳಿಸಪ್ಪ.”

“ಹೂಂ ಕನವ್ವ!”

ಚೌಡೇಶ ಪ್ಯಾಕ್ ಮಾಡಿದ. ಡಾಂಗಲ್ ಚುಚ್ಚಿದ. ಸಹಿ ಹಾಕಿದ. ಎಲ್ಲ ಸರಿಯೇ! ಕಳಿಸುವ ಹೊತ್ತಿಗೆ, ಅಯ್ಯೋ, ಅಪ್ಪನ ಫೋಟೋನೇ ಇಲ್ಲವಲ್ಲ ಅನ್ನಿಸಿತು. ಸಹಿ ಬಿದ್ದ ಪ್ಯಾಕನ್ನು ಬಿಚ್ಚಿದ, ಫೋಟೋ ತುರುಕಿದ, ಮುಚ್ಚಿದ, ಕಳಿಸಿದ. ಸ್ಟೋರಿನವರು ಒಪ್ಪುತ್ತಾರೆಯೇ? ಸಹಿ ಆದ ಮೇಲೆ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತ ತಿರುಗಿ ಕಳಿಸಿದರು.

ಬನಶಂಕರಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ಪೆದ್ದೇ! ಒಂದ್ ಸಲ ಮುಚ್ಚಿ ಭದ್ರ ಮಾಡಿದ್ ಮೇಲೆ, ಯಾರ್ ಏನೇ ಅಂದ್ರೂ ಬಿಚ್ಚಬಾರದು ಕಲಾ!”

“ಹೂಂ ಕನವ್ವ! ಬಿಚ್ಚಬಾರದು!” ಅಂದ ಚೌಡೇಶ. ಹೇಳಿದ್ದನ್ನು ಹೇಳಿದ ಹಾಗೇ ಗಂಟು ಹಾಕಿಕೊಂಡ.

ಆ ವಾರವೇ ಬನಶಂಕರಮ್ಮನ ಅಕ್ಕ ಗೌರಮ್ಮ ಆಸ್ಪತ್ರೆ ಸೇರಿದಳು. ಮುದ್ದೆ, ಸೊಪ್ಪಿನ ಸಾರು ಕ್ಯಾರಿಯರಿಗೆ ತುಂಬಿ, ಮುಚ್ಚಿ, ಬಟ್ಟೆ ಬಿಗಿದು, ಒಂದು ಬಾಟಲಿ ನೀರಿನ ಜೊತೆ ಮಗನ ಕೈಗೆ ಕೊಟ್ಟಳು. ಚೌಡೇಶ ಹೋಗಿ ಮಂಚದ ಪಕ್ಕ ಕೂತ. ಕ್ಯಾರಿಯರ್ ತಬ್ಬಿಕೊಂಡು ಕೂತ.

“ಹೊಟ್ಟೆ ಹಸೀತದೆ ಕನಪ್ಪ, ಬಡಿಸು.”

“ಬಿಚ್ಚಬಾರದು ದೊಡ್ಡವ್ವ!”

“ನೀರಾದ್ರೂ ಕೊಡೋ!”

“ಮುಚ್ಚಳ ಭದ್ರ ಮಾಡ್ಯದೆ ದೊಡ್ಡವ್ವ, ಬಿಚ್ಚಬಾರದು!”

ಸಂಜೆಯವರೆಗೂ ಕೂತ. ಗೌರಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಚೌಡೇಶ ತಣ್ಣಗಾದ ಮುದ್ದೆಯನ್ನು ಹಾಗೇ ಮನೆಗೆ ತಂದ. “ಯಾರ್ ಕೇಳಿದ್ರೂ ಬಿಚ್ಚಲಿಲ್ಲ ಕನವ್ವ!” ಅಂತ ಹಿಗ್ಗಿದ.

“ನಿನ್ನ ಹೆತ್ತ ಹೊಟ್ಟೆ ಸುಟ್ಟುಹೋಗ!” ಬನಶಂಕರಮ್ಮನಿಗೆ ಅಳು ಬಂತು. “ಕಾಯಿಲೆಯೋಳು ಕಲಾ ಅವಳು! ಯಾರಾದ್ರೂ ಬಾಯ್ಬಿಟ್ಟು ಕೇಳಿದ್ರೆ, ಕೇಳಿದ್ದ ಆ ಕ್ಷಣವೇ ಕೊಟ್‌ಬುಡಬೇಕು! ಯಾಕೆ, ಏನು ಅನ್ನಬಾರದು!”

“ಹೂಂ ಕನವ್ವ! ಬಾಯ್ಬಿಟ್ಟು ಕೇಳಿದ್ರೆ ಕೊಡಬೇಕು!”

ಮಾರನೇ ದಿನ ಕೊನೇ ಮನೆಯ ಮಾದಪ್ಪ ಜಗಲಿಗೆ ಬಂದ. ಅವನೂ ಏನೋ ಜೂಜಿನ ಆಪ್ ಮಾಡಿದ್ದ. ಅವನಿಗೆ ಯಾರು ಸಹಿ ಕೊಡುತ್ತಾರೆ? ಮೆಲ್ಲಗೆ ಕೇಳಿದ, “ಚೌಡೇಶಾ, ನಿಮ್ಮಪ್ಪನ ಡಾಂಗಲ್ ಕೊಡ್ತೀಯಾ?”

“ತಗೋ!”

“ಅದರ ಪಾಸ್‌ವರ್ಡು?”

“ಅದೂ ತಗೋ!”

ಸುದ್ದಿ ಕೇಳಿ ಬನಶಂಕರಮ್ಮ ಗೋಡೆ ಸವರಿಕೊಂಡು, ಎಡವಿಕೊಂಡು ಬೀದಿಯ ಕೊನೆಗೆ ಓಡಿದಳು. ಮಾದಪ್ಪ ಇನ್ನೂ ಸಹಿ ಒತ್ತಿರಲಿಲ್ಲ, ಪುಣ್ಯ. ಇಲ್ಲದಿದ್ದರೆ ಸತ್ತ ಗಂಡನ ಹೆಸರಿನಲ್ಲಿ ಜೂಜು ನಡೆಯುತ್ತಿತ್ತು. ಡಾಂಗಲನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದಳು. ಮೊಣಕಾಲು ತರಚಿ ರಕ್ತ ಬಂದಿತ್ತು.

“ಅದು ನಿಂದೇನ್ಲಾ? ನಿಮ್ಮಪ್ಪಂದು! ಇನ್ನೊಬ್ಬರ ವಸ್ತುವ ಅವರ ಕೇಳದೆ ಕೊಡಬಾರದು! ಅವರು ಬಾಯ್ಬಿಟ್ಟು ಹೂಂ ಅಂದ್ರೆ ಕೊಡು. ಇಲ್ಲಾಂದ್ರೆ ನಿಂದೇನದೆಯೋ ಅದ ಕೊಡು!”

“ಹೂಂ ಕನವ್ವ! ಅವರ ಕೇಳಬೇಕು! ಇಲ್ಲಾಂದ್ರೆ ನಂದು ಕೊಡಬೇಕು!”

ಹಳೇ ಪೆಟ್ಟಿಗೆ ಆಗಲೇ ಗೊರಗೊರ ಅನ್ನತೊಡಗಿತ್ತು. ಇನ್ನು ತಡ ಮಾಡಿದರೆ ಆಗದು. ಬನಶಂಕರಮ್ಮ ಗಂಟು ಬಿಚ್ಚಿ ಡಾಂಗಲ್ ಕೊಟ್ಟಳು. “ಈ ಸಲವಾದ್ರೂ ಸರಿಯಾಗಿ ಕಳಿಸು ಮಗಾ. ಕಾಲಿಗೆ ಬೀಳ್ತೀನಿ.”

ಚೌಡೇಶ ಕೂತ. ಪ್ಯಾಕ್ ಮಾಡುವಾಗ ಅಪ್ಪನ ದನಿಯ ಫೈಲು ಬಂತು. ಇದು ನಂದಲ್ಲ, ಅಪ್ಪಂದು! ಕೇಳಬೇಕು! ಎದ್ದು ಹೋಗಿ ಹಾರ ಹಾಕಿದ ಫೋಟೋದ ಮುಂದೆ ನಿಂತ.

“ಅಪ್ಪಾ, ನಿನ್ನ ದನಿ ಸ್ಟೋರಿಗೆ ಕೊಡ್ಲಾ?”

ಫೋಟೋ ಸುಮ್ಮನಿತ್ತು.

“ಅಪ್ಪಾ, ಕೊಡ್ಲಾ, ಬ್ಯಾಡ್ವಾ?”

ಮಧ್ಯಾಹ್ನದ ತನಕ ಕಾದ. ಊಟಕ್ಕೆ ಕರೆದರೂ ಹೋಗಲಿಲ್ಲ. ಅಪ್ಪ ಬಾಯಿ ಬಿಡಲಿಲ್ಲ. ಸರಿ, ಇಲ್ಲಾಂದ್ರೆ ನಂದು ಕೊಡಬೇಕು! ಮೈಕು ಹಿಡಿದು, ಅಪ್ಪ ಹೇಳಿದ್ದನ್ನೆಲ್ಲ ತಾನು ಹೇಳಿದ. ಪ್ಯಾಕಿನಿಂದ ಅಪ್ಪನ ದನಿ ತೆಗೆದು ತನ್ನ ದನಿ ಸೇರಿಸಿದ. ಸಹಿ ಹಾಕಿದ. ಸಹಿ ಆದ ಮೇಲೆ ಬಿಚ್ಚಲಿಲ್ಲ. ಕಳಿಸಿದ.

ಸ್ಟೋರಿನವರು ಒಪ್ಪಿದರು!

ಬನಶಂಕರಮ್ಮ ಸೀರೆ ಬದಲಿಸಿಕೊಂಡು, ಮಗನ ಕೈ ಹಿಡಿದು ನೇಕಾರರ ಸಂಘಕ್ಕೆ ಹೋದಳು. ಅಲ್ಲಿ ಹೊಸ ಕಂಪ್ಯೂಟರ್ ಇತ್ತು. ಗುಮಾಸ್ತ ಸ್ಟೋರಿನಿಂದ ‘ಅಂಚು’ ಇಳಿಸಿ ಓದಿ ಹೇಳಿದ. “ಮಾಡಿದವರು ರಾಮಲಿಂಗಪ್ಪ. ಸಹಿ ಅವರದೇ. ಸಹಿ ಆದ ಮೇಲೆ ಯಾರೂ ಏನೂ ಬದಲಿಸಿಲ್ಲ. ಕೇಳಮ್ಮಾ ಈಗ!”

ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

“ಕೆಂಪು ಎರಡು! ಹಳದಿ ಒಂದು! ಲಾಳಿ ಬಿಡು!” ಚೌಡೇಶನ ದನಿ! ಕೆಮ್ಮನ್ನೂ ಬಿಟ್ಟಿರಲಿಲ್ಲ. ಕೆಮ್ಮಿ, “ಬನಶಂಕರೀ, ಒಂದ್ ಲೋಟ ನೀರ್ ಕೊಡೇ!”

ಹೆತ್ತ ತಾಯನ್ನು ಹೆಸರು ಹಿಡಿದು ಕೂಗಿದ್ದು ಕೇಳಿ ಸಂಘದವರೆಲ್ಲ ಬಿದ್ದು ಬಿದ್ದು ನಕ್ಕರು. ಬನಶಂಕರಮ್ಮ ನಗಲಿಲ್ಲ.

“ನಿಮ್ಮಪ್ಪನ ದನಿ ಎಲ್ಲೋ?”

“ಅಪ್ಪನ ಕೇಳ್ದೆ ಕನವ್ವ. ಹೂಂ ಅನ್ನಲಿಲ್ಲ. ಅದಕ್ಕೆ ನಂದು ಕೊಟ್ಟೆ. ಅಪ್ಪಂದು ಹಳೇ ಪೆಟ್ಟಿಗೇಲಿ ಹಂಗೇ ಅದೆ.”

ಹಳೇ ಪೆಟ್ಟಿಗೆಯಲ್ಲಿದೆ! ಅಷ್ಟು ಸಾಕಾಗಿತ್ತು ಅವಳಿಗೆ. ಮತ್ತೊಮ್ಮೆ ಕಳಿಸಿದರಾಯಿತು. ಆದರೆ ಹೋದ ಜೀವ ಬರಬೇಕಾದರೆ ಮೊದಲು ಒಮ್ಮೆ ಆ ದನಿ ಕೇಳಬೇಕು. ಮನೆಗೆ ಬಂದವಳೇ ಫ್ಯಾನ್ ಹಾಕಿಸಿದಳು, ಮುಚ್ಚಳವಿಲ್ಲದ ಪೆಟ್ಟಿಗೆಯನ್ನು ಶುರು ಮಾಡಿಸಿದಳು, ಮಗ್ಗದ ಕುಣಿಗೆ ಇಳಿದಳು.

“ಕೆಂಪು ಎರಡು, ಹಳದಿ ಒಂದು, ಲಾಳಿ ಬಿಡು.” ರಾಮಲಿಂಗಪ್ಪನದೇ ದನಿ. ಬನಶಂಕರಮ್ಮನ ಕಣ್ಣಿಂದ ನೀರು ಇಳಿಯಿತು. ಸೆರಗಿನಿಂದ ಒರೆಸಿಕೊಳ್ಳುತ್ತ ಕೂತಳು. ಆ ದನಿ ಕೆಮ್ಮಿತು. “ಬನಶಂಕರೀ, ಒಂದ್ ಲೋಟ ನೀರ್ ಕೊಡೇ.”

ಅವಳು ಎಂದಿನಂತೆ ಏಳಲು ಹೋದಳು. ಅಷ್ಟರಲ್ಲಿ ಚೌಡೇಶ ಹಂಡೆಯಿಂದ ಲೋಟದ ತುಂಬಾ ನೀರು ಮೊಗೆದು ತಂದು, ಬಾಯಿ ತೆರೆದಿದ್ದ ಪೆಟ್ಟಿಗೆಯೊಳಕ್ಕೆ ಸುರಿದ.

ಚಟ್ ಅಂತು. ಹೊಗೆ ಬಂತು. ದನಿ ನಿಂತಿತು. ಫ್ಯಾನ್ ಮಾತ್ರ ತಿರುಗುತ್ತಿತ್ತು.

“ಅವತ್ತು ಅಷ್ಟು ಕೇಳಿದ್ರೂ ಸುಮ್ನಿದ್ದ ಕನವ್ವ ಅಪ್ಪ! ಈಗ ಬಾಯ್ಬಿಟ್ಟು ಕೇಳ್ದ! ನೀರು ನಮ್ದೇ ಅಲ್ವಾ? ಆ ಕ್ಷಣವೇ ಕೊಟ್ಟೆ!”

ಬನಶಂಕರಮ್ಮ ಬಯ್ಯಲಿಲ್ಲ. ಹಣೆ ಚಚ್ಚಿಕೊಳ್ಳಲಿಲ್ಲ. ಲಾಳಿ ಕೈಯಲ್ಲಿ ಹಿಡಿದು, ಮುಂದಿನ ಎಳೆ ಯಾವುದೆಂದು ತಿಳಿಯದೆ ಕೂತಳು. ಚೌಡೇಶ ಬರೀ ಲೋಟ ಹಿಡಿದು ಅವಳ ಮುಖ ನೋಡುತ್ತ ನಿಂತ. ಮುಂದಿನ ಸಲ ಹೇಗೆ ಮಾಡಬೇಕು ಅಂತ ಅವ್ವ ಹೇಳಲಿ ಅಂತ ಕಾಯುತ್ತ ನಿಂತ.